ಒಂದೇ ಸೀರೆ, ಹನ್ನೆರಡು ಬಣ್ಣ: ಇಳಕಲ್ ಸೀರೆಯ ಫೋಟೋ ಸರಿಪಡಿಸಿದ ದಿನಚರಿ

ಜೂನ್ 8

ದಾಳಿಂಬೆ ಬಣ್ಣದ ಇಳಕಲ್ ಸೀರೆಯೊಂದು ಇವತ್ತು ಮೂರನೆಯ ಸಲ ವಾಪಸು ಬಂತು. ಮೊದಲು ಕೊಂಡವರು "ಫೋಟೋದಲ್ಲಿ ಕೆಂಪು, ಕೈಗೆ ಬಂದದ್ದು ಕಂದು" ಎಂದು ಬರೆದಿದ್ದರು. ಅವರ ಮಾತು ಕೇಳಿ ಫೋಟೋವನ್ನು ಒಂದಿಷ್ಟು ಕಂದು ಮಾಡಿದೆ. ಎರಡನೆಯವರು "ಇಟ್ಟಿಗೆ ಬಣ್ಣ ಎಂದು ತರಿಸಿದೆ, ಇದು ತೀರಾ ಕೆಂಪು" ಎಂದರು. ಮೂರನೆಯವರು "ಬಣ್ಣ ಬೇರೆ" ಎಂದು ಎರಡೇ ಪದಗಳಲ್ಲಿ ಮುಗಿಸಿದ್ದಾರೆ. ಸೀರೆ ಮಾತ್ರ ಮೂರೂ ಸಲ ಅದೇ.

ನಾನು ಮತ್ತು ಅತ್ತಿಗೆ ಬಾಗಲಕೋಟೆಯ ನವನಗರದಿಂದ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣಗಳನ್ನು (ರವಿಕೆ ಬಟ್ಟೆ) ಆನ್‌ಲೈನ್‌ನಲ್ಲಿ ಮಾರುತ್ತೇವೆ. ಆರಿಸಿ ತರುವುದು ಅವರ ಕೆಲಸ. ಫೋಟೋ, ಪ್ಯಾಕಿಂಗ್, ಬೈಗುಳ ಕೇಳುವುದು ನನ್ನದು. ಮಾರ್ಚ್‌ನಿಂದ ಮೇ ತನಕ 41 ಸೀರೆ ಹೋದವು, 9 ವಾಪಸು ಬಂದವು. ಅವುಗಳಲ್ಲಿ 6 ಬಣ್ಣದ ಕಾರಣಕ್ಕೆ. ಹೋಗಿ ಬರುವ ಕೊರಿಯರ್ ಖರ್ಚು ಸೀರೆಯೊಂದಕ್ಕೆ ಸುಮಾರು 130 ರೂಪಾಯಿ.

ಸಂಜೆ ಮೊಬೈಲಿನಲ್ಲಿ ಇದೇ ಸೀರೆಯ ಎಷ್ಟು ಫೋಟೋ ಇವೆಯೋ ಅಷ್ಟನ್ನೂ ಹುಡುಕಿ ಲ್ಯಾಪ್‌ಟಾಪ್‌ನಲ್ಲಿ ಅಕ್ಕಪಕ್ಕ ಜೋಡಿಸಿದೆ. ಹನ್ನೆರಡು ಫೋಟೋ, ಹನ್ನೆರಡು ಬಣ್ಣ. ಮಾಳಿಗೆಯ ಮೇಲೆ ತೆಗೆದದ್ದು ಕುಂಕುಮ, ಪಡಸಾಲೆಯಲ್ಲಿ ತೆಗೆದದ್ದು ಕಾಫಿ ಪುಡಿ, ಟ್ಯೂಬ್‌ಲೈಟಿನ ಕೆಳಗಿನದು ಹಳೆಯ ಹಂಚು. ಕೊಂಡವರ ತಪ್ಪು ಏನೂ ಇಲ್ಲ. ಅಂಗಡಿಯಲ್ಲಿ ಸೀರೆ ಕೊಳ್ಳುವವರು ಅದನ್ನು ಬಾಗಿಲಾಚೆ ಬಿಸಿಲಿಗೆ ಒಯ್ದು ನೋಡುತ್ತಾರೆ. ಇವರಿಗೆ ಆ ಬಾಗಿಲು ಇಲ್ಲ, ನನ್ನ ಫೋಟೋ ಮಾತ್ರ ಇದೆ.

ಈ ಸೀರೆಯನ್ನು ಮಾರಾಟದಿಂದ ತೆಗೆದಿಟ್ಟೆ. ಇನ್ನು ಮುಂದೆ ಇದೇ ಪರೀಕ್ಷೆಯ ಸೀರೆ.

ಜೂನ್ 11: ಮೊಬೈಲ್ ಕ್ಯಾಮೆರಾ ಕೈಬಿಟ್ಟದ್ದು

ಮೊಬೈಲ್ ಏನು ಮಾಡುತ್ತಿದೆ ಎಂದು ಒಂದು ಸಣ್ಣ ಪ್ರಯೋಗ. ಒಂದೇ ಜಾಗ, ಒಂದೇ ಬೆಳಕು. ಮಡಚಿದ ಸೀರೆಯನ್ನು ದೂರದಿಂದ ತೆಗೆದರೆ ಕೆಂಪು ಸರಿಯಾಗಿಯೇ ಬರುತ್ತದೆ. ಅದನ್ನೇ ಬಿಚ್ಚಿ ಚೌಕಟ್ಟಿನ ತುಂಬ ಹರವಿದರೆ ಕಂದಾಗುತ್ತದೆ. ಎಲ್ಲೆಲ್ಲೂ ಕೆಂಪೇ ಕಂಡಾಗ ಬೆಳಕೇ ಕೆಂಪಗಿದೆ ಎಂದು ಮೊಬೈಲ್ ತಿಳಿದು, ಕೆಂಪನ್ನು ಇಳಿಸಿಬಿಡುತ್ತದೆ. ಸೆರಗಿನ ಬಿಳಿ ತೆನೆಗಳು ತಿಳಿ ನೀಲಿಗೆ ತಿರುಗಿದ್ದು ನೋಡಿದಾಗ ಇದು ಹೊಳೆಯಿತು.

ತಮ್ಮನ ಹಳೆಯ ಡಿಎಸ್‌ಎಲ್‌ಆರ್ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ತೆಗೆದೆ. ರಾ ಫೈಲ್ (ಕ್ಯಾಮೆರಾ ತಾನು ತಿದ್ದದೆ ಕೊಡುವ ಫೋಟೋ), ಎಲ್ಲ ಮ್ಯಾನುಯಲ್, ಟ್ರೈಪಾಡ್. ಫೈಲ್ ತೆರೆಯಲು ಡಾರ್ಕ್‌ಟೇಬಲ್, ಅದು ಉಚಿತ. ಒಂದು ನಿಯಮವನ್ನೂ ಹಾಕಿಕೊಂಡೆ: ಮೊದಲು ಎಲ್ಲ ಫೋಟೋಗಳೂ ಒಂದೇ ರೀತಿ ತಪ್ಪಾಗಲಿ, ತಪ್ಪನ್ನು ಆಮೇಲೆ ತಿದ್ದೋಣ. ಇಷ್ಟು ದಿನ ಒಂದೊಂದು ಫೋಟೋವನ್ನೂ ಒಂದೊಂದು ರೀತಿ ತಿದ್ದಿ ಹಾಳುಮಾಡಿದ್ದು ನಾನೇ.

ಜೂನ್ 13–16: ಕಿಟಕಿಯ ಬೆಳಕು, ಎ4 ಹಾಳೆ

ಉತ್ತರದ ಕಿಟಕಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಹೌದು, ಬೆಳಕು ಮೃದುವಾಗಿದೆ. ಆದರೆ ಇದು ಜೂನ್, ಮಳೆ ಬರದಿದ್ದರೂ ಮೋಡ ಬಂದು ಹೋಗುತ್ತದೆ. ನಲವತ್ತು ನಿಮಿಷಗಳಲ್ಲಿ ತೆಗೆದ ಎಂಟು ಫೋಟೋಗಳಲ್ಲಿ ಬಣ್ಣದ ತಾಪಮಾನ (ಬೆಳಕು ಎಷ್ಟು ಹಳದಿ, ಎಷ್ಟು ನೀಲಿ ಎಂಬ ಅಳತೆ) 5,200 ರಿಂದ 6,900 ಕೆಲ್ವಿನ್ ತನಕ ಓಡಾಡಿತು. ದಿನಕ್ಕೆ ಎರಡು ಸೀರೆಯಾದರೆ ಸರಿ, ಇಪ್ಪತ್ತಕ್ಕೆ ಆಗದು.

ವೈಟ್ ಬ್ಯಾಲೆನ್ಸ್‌ಗೆ, ಅಂದರೆ ಬಿಳಿ ಯಾವುದು ಎಂದು ಕ್ಯಾಮೆರಾಕ್ಕೆ ತೋರಿಸಲು, ಪ್ರಿಂಟರಿನ ಎ4 ಹಾಳೆ ಇಟ್ಟೆ. ಎಲ್ಲ ಫೋಟೋಗಳೂ ಅರಿಶಿನ ಬಳಿದಂತೆ ಹಳದಿಯಾದವು. ಒಂದು ದಿನ ಪೂರ್ತಿ ಕ್ಯಾಮೆರಾವನ್ನು ಬೈದೆ. ಕೊನೆಗೆ ಕಾರಣ ಸಿಕ್ಕಿದ್ದು ಪಕ್ಕದ ಕಿರಾಣಿ ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ. ಹಾಳೆ ನೀಲಿಯಾಗಿ ಫಳಫಳ ಹೊಳೆಯಿತು. ಕಾಗದ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ, ಅದು ಹಗಲ ಬೆಳಕಿನ ಅತಿನೇರಳೆಯನ್ನು ನೀಲಿಯಾಗಿ ಉಗುಳುತ್ತದೆ. ಆ ನೀಲಿಯನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾ ಉಳಿದದ್ದಕ್ಕೆಲ್ಲ ಹಳದಿ ಸುರಿದಿತ್ತು.

ಬಳಿಕ ಸೀರೆಯ ಸೆರಗಿನ ಬಿಳಿಯನ್ನೇ ಆಧಾರವಾಗಿಟ್ಟುಕೊಂಡೆ. ಅದೂ ತಪ್ಪು. ಆ ಬಿಳಿ ಬಿಳಿಯಲ್ಲ, ಕೆನೆ. ಒಂದು ಸೀರೆಯ ಕೆನೆಯಂತೆ ಇನ್ನೊಂದರದು ಇರುವುದೂ ಇಲ್ಲ.

450 ರೂಪಾಯಿ ಕೊಟ್ಟು ಇದಕ್ಕೆಂದೇ ಮಾರುವ ಬೂದು ಕಾರ್ಡ್ ತರಿಸಿದೆ. ಅದರ ಜೊತೆಗೆ ಎಲ್ಲೋ ಓದಿದ ನೆನಪಿನಿಂದ ನಳದ ಕೆಲಸಕ್ಕೆ ಸುತ್ತುವ ಟೆಫ್ಲಾನ್ ಟೇಪ್ ಎರಡು ಸುರುಳಿ ತಂದೆ, 40 ರೂಪಾಯಿ. ಒಂದು ರಟ್ಟಿನ ಮೇಲೆ ಹಿಂದಿನದು ಕಾಣದಂತೆ ಹನ್ನೆರಡು ಪದರ ಸುತ್ತಿದೆ. ನೇರಳೆ ದೀಪದ ಕೆಳಗೆ ಅದು ಹೊಳೆಯಲಿಲ್ಲ. ಟೇಪನ್ನು ಆಧಾರವಾಗಿಟ್ಟು ಬೂದು ಕಾರ್ಡನ್ನು ಅಳೆದರೆ (0ಯಿಂದ 255ರ ಅಳತೆ, ಪಕ್ಕಾ ಬೂದಾದರೆ ಮೂರೂ ಅಂಕಿ ಒಂದೇ ಇರಬೇಕು) ಕೆಂಪು 121, ಹಸಿರು 118, ನೀಲಿ 113 ಬಂತು. ಅಂದರೆ ದುಡ್ಡು ಕೊಟ್ಟು ತಂದ ಕಾರ್ಡೇ ಹಳದಿಗೆ ವಾಲಿದೆ. ಕಾರ್ಡ್ ಈಗ ಮೇಜಿನ ಕಾಲಿನ ಕೆಳಗಿದೆ, ಟೆಫ್ಲಾನ್ ರಟ್ಟು ಕೆಲಸದಲ್ಲಿದೆ. ಒಂದು ಎಚ್ಚರಿಕೆ: ಟೇಪ್ ತುಂಬ ಬೆಳ್ಳಗಿರುವುದರಿಂದ ಬೆಳಕು ಜಾಸ್ತಿಯಾದರೆ ಮೂರೂ ಬಣ್ಣ 255 ಮುಟ್ಟುತ್ತವೆ, ಆಮೇಲೆ ಅಳತೆಗೆ ಅರ್ಥವಿಲ್ಲ. ನಾನು 210ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ.

ಜೂನ್ 20: ಟ್ಯೂಬ್‌ಲೈಟ್, 640 ರೂಪಾಯಿ ನೀರಿಗೆ

ಮೋಡದ ಹಂಗು ಬೇಡವೆಂದು ಕಿಟಕಿ ಮುಚ್ಚಿ "6500 ಕೆ, ಹಗಲು ಬೆಳಕು" ಎಂದು ಬರೆದ ಎರಡು ಎಲ್‌ಇಡಿ ಟ್ಯೂಬ್ ಹಾಕಿದೆ. ಟೆಫ್ಲಾನ್ ರಟ್ಟು ಪಕ್ಕಾ ಬಿಳಿ ಬಂತು. ಗಿಣಿ ಹಸಿರು ಸೀರೆ ಚೆನ್ನಾಗಿ ಬಂತು. ಪರೀಕ್ಷೆಯ ಸೀರೆ ಮತ್ತೆ ಹಂಚಾಯಿತು.

ಇಲ್ಲಿ ನಾಲ್ಕು ದಿನ ಹಾಳಾದವು. ಬಿಳಿ ಸರಿಯಿದ್ದ ಮೇಲೆ ಎಲ್ಲವೂ ಸರಿಯಿರಬೇಕು ಎಂಬ ಮೊಂಡು ನಂಬಿಕೆಯಿಂದ ವೈಟ್ ಬ್ಯಾಲೆನ್ಸನ್ನೇ ಎಳೆದಾಡಿದೆ. ಸೀರೆ ಕೆಂಪಾದರೆ ಟೇಪು ಗುಲಾಬಿ, ಟೇಪು ಬಿಳಿಯಾದರೆ ಸೀರೆ ಕಂದು. ಟ್ಯೂಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ 80 ಎಂದಿತ್ತು, ಅಂದರೆ ದೀಪದ ಕೆಳಗೆ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ. ಆ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ, ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕಿ ಇದೆ, ಅಗ್ಗದ ದೀಪಗಳವರು ಅದನ್ನು ಪೆಟ್ಟಿಗೆಯ ಮೇಲೆ ಹಾಕುವುದಿಲ್ಲ. ದೀಪದಲ್ಲೇ ಇಲ್ಲದ ಕೆಂಪನ್ನು ಸೀರೆ ಎಲ್ಲಿಂದ ತಂದು ಕೊಟ್ಟೀತು? ಮಾರುವುದು ಹಸಿರು ಸೀರೆಗಳಾಗಿದ್ದರೆ ನನಗಿದು ಗೊತ್ತೇ ಆಗುತ್ತಿರಲಿಲ್ಲ. ಇಳಕಲ್ ಸೀರೆಯ ದಡಿ, ಸೆರಗು ಎರಡಕ್ಕೂ ಕೆಂಪೇ ಜೀವ.

ಇನ್ನೊಂದು ತೊಂದರೆ: 1/250 ಸೆಕೆಂಡಿನಲ್ಲಿ ತೆಗೆದ ಫೋಟೋಗಳಲ್ಲಿ ಅಡ್ಡ ಪಟ್ಟೆಗಳು. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. 1/50ಕ್ಕೆ ಇಳಿಸಿದಾಗ ಪಟ್ಟೆ ಹೋಯಿತು. ಟ್ಯೂಬುಗಳು ಈಗ ದನದ ಕೊಟ್ಟಿಗೆಯಲ್ಲಿವೆ. ಎಮ್ಮೆಯ ಬಣ್ಣಕ್ಕೆ ಅದರಿಂದ ಧಕ್ಕೆಯಿಲ್ಲ.

ಜೂನ್ 27 – ಜುಲೈ 3: ಗೋಡೆ

ಹೊಸ ದೀಪಗಳನ್ನು ಬೆಂಗಳೂರಿನಿಂದ ತರಿಸಲು ಹೇಳಿ, ಬರುವ ತನಕ ಕೋಣೆಯನ್ನು ನೋಡೋಣ ಎಂದುಕೊಂಡೆ. ಕೋಣೆ 10 ಅಡಿಗೆ 12 ಅಡಿ. ಗೋಡೆ ತಿಳಿ ಹಸಿರು, ನೆಲ ರೆಡ್ ಆಕ್ಸೈಡ್. ಟೆಫ್ಲಾನ್ ರಟ್ಟನ್ನು ಸೀರೆ ತೂಗುಹಾಕುವ ಜಾಗದಲ್ಲಿ ನೇರವಾಗಿ ಹಿಡಿದು ವೈಟ್ ಬ್ಯಾಲೆನ್ಸ್ ಸರಿಮಾಡಿ, ಆಮೇಲೆ ಅದನ್ನು ನೆಲದ ಕಡೆ ವಾಲಿಸಿದೆ: ಕೆಂಪು 204, ಹಸಿರು 189, ನೀಲಿ 182. ಎಡಗೋಡೆಯ ಕಡೆ ತಿರುಗಿಸಿದಾಗ 190, 199, 188. ಸೀರೆಯ ನೆರಿಗೆಗಳ ಕೆಳಬದಿಗೆಲ್ಲ ನೆಲದ ಕೆಂಪು, ಎಡಬದಿಗೆಲ್ಲ ಗೋಡೆಯ ಹಸಿರು. ಇದನ್ನು ಯಾವ ಸಾಫ್ಟ್‌ವೇರೂ ಒಂದೇ ಹಿಡಿತದಲ್ಲಿ ಸರಿಪಡಿಸದು.

ಪೇಂಟರ್ ಒಬ್ಬರನ್ನು ಕರೆದು ಬಿಳಿ ಡಿಸ್ಟೆಂಪರ್ ಹೊಡೆಯಲು ಹೇಳಿ ಊರಿಗೆ ಹೋದೆ. ಬಂದು ಅಳೆದರೆ ಎಲ್ಲ ಗೋಡೆಗಳೂ ನೀಲಿ. "ಬೆಳ್ಳಗೆ ಕಾಣಲಿ ಎಂದು ಒಂದು ಚಿಟಿಕೆ ನೀಲಿ ಹಾಕಿದ್ದೇನೆ" ಎಂದು ಅವರು ಹೆಮ್ಮೆಯಿಂದ ಹೇಳಿದರು. ಸುಣ್ಣಕ್ಕೆ ನೀಲಿ ಹಾಕುವುದು ಅವರ ತಂದೆಯ ಕಾಲದ ಪದ್ಧತಿ. ತಪ್ಪು ನನ್ನದೇ, ಬಿಳಿ ಎಂದು ಹೇಳಿದ್ದೆ, ನೀಲಿ ಬೇಡ ಎಂದು ಹೇಳಿರಲಿಲ್ಲ. ಮತ್ತೊಂದು ಕೋಟ್ ಹೊಡೆಸಿದೆ. ಎರಡೂ ಸೇರಿ 1,900 ರೂಪಾಯಿ. ನೆಲಕ್ಕೆ ಹೊಳಪಿಲ್ಲದ ಹಳೆಯ ಬಿಳಿ ಜಮಖಾನೆ ಹಾಸಿದೆ, ಕಿಟಕಿಗೆ 750 ರೂಪಾಯಿಯ ಕಪ್ಪು ಪರದೆ.

ಇಷ್ಟಾದ ಮೇಲೂ ಒಂದು ದಿನ ಫೋಟೋಗಳ ಬಲಬದಿ ಕೇಸರಿಗೆ ವಾಲುತ್ತಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು, ಅದು ನಾನು ತೊಟ್ಟ ಕೇಸರಿ ಅಂಗಿ. ಅಂದಿನಿಂದ ಆ ಕೋಣೆಗೆ ಬೂದು ಬಣ್ಣದ ಅಂಗಿಯೇ ಸಮವಸ್ತ್ರ.

ಜುಲೈ 9: ದೀಪಗಳು

60 ವ್ಯಾಟ್‌ನ ಎರಡು ವಿಡಿಯೊ ಲೈಟ್, 5,600 ಕೆಲ್ವಿನ್, ಸಿಆರ್‌ಐ 96, ಆರ್9 ಕೂಡ 90ರ ಮೇಲೆ ಎಂದು ಪತ್ರದಲ್ಲಿ ನಮೂದಿಸಿದ್ದಾರೆ. ತಲಾ 5,400 ರೂಪಾಯಿ. ಕೊಳ್ಳುವಾಗ ಕೈ ನಡುಗಿತು.

ಮುಕ್ಕಾಲು ಇಂಚಿನ ಪಿವಿಸಿ ಪೈಪಿನಲ್ಲಿ 4 ಅಡಿಗೆ 3 ಅಡಿಯ ಎರಡು ಚೌಕಟ್ಟು ಮಾಡಿ ತೆಳು ಬಿಳಿ ಬಟ್ಟೆ ಬಿಗಿದೆ. ಪೈಪು, ಬಟ್ಟೆ ಸೇರಿ 920 ರೂಪಾಯಿ. ಸೀರೆಯಿಂದ 5 ಅಡಿ ದೂರ, ಎರಡೂ ಬದಿಯಿಂದ 45 ಡಿಗ್ರಿ. ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಟೆಫ್ಲಾನ್ ರಟ್ಟು ಹಿಡಿದು ಅಳೆದಾಗ ಮೊದಲು ಬಲ ಮೂಲೆ ಎಡಕ್ಕಿಂತ ಅರ್ಧ ಸ್ಟಾಪ್ (ಬೆಳಕು ಅರ್ಧಕ್ಕಿಳಿದರೆ ಒಂದು ಸ್ಟಾಪ್) ಕಡಿಮೆ ಇತ್ತು. ದೀಪವನ್ನು ಒಂದು ಗೇಣು ಸರಿಸಿ ಸರಿಮಾಡಿ, ಸ್ಟ್ಯಾಂಡಿನ ಕಾಲುಗಳ ಗುರುತನ್ನು ನೆಲದ ಮೇಲೆ ಬರೆದಿಟ್ಟೆ.

ಕ್ಯಾಮೆರಾದ ಅಳತೆಗಳು: ಎಫ್8, ಐಎಸ್‌ಒ 100, 1/15 ಸೆಕೆಂಡ್, ಎರಡು ಸೆಕೆಂಡಿನ ಟೈಮರ್. ಮೊದಲ ದಿನದ ಎಲ್ಲ ಫೋಟೋಗಳಲ್ಲೂ ಸೆರಗು ಮಸುಕು. ಫ್ಯಾನ್ ತಿರುಗುತ್ತಿತ್ತು. ಬಾಗಲಕೋಟೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಎರಡು ದೀಪಗಳ ನಡುವೆ ನಿಂತು ಇಪ್ಪತ್ತು ಸೀರೆಗಳ ಫೋಟೋ ತೆಗೆಯುವುದು ಹೇಗಿರುತ್ತದೆ ಎಂದು ಬರೆಯುವುದಿಲ್ಲ. ಆದರೆ ಪರೀಕ್ಷೆಯ ಸೀರೆ ಮೊದಲ ಸಲ ದಾಳಿಂಬೆಯ ಹತ್ತಿರ ಬಂತು.

ಜುಲೈ 12: ಎಲ್ಲಕ್ಕಿಂತ ದೊಡ್ಡ ತಪ್ಪು

ಹತ್ತಿರ ಬಂತು ಎಂದೆನಲ್ಲ, ಆಗ ಅಲ್ಲಿಗೆ ನಿಲ್ಲಿಸಬೇಕಿತ್ತು. ಲ್ಯಾಪ್‌ಟಾಪ್ ಪರದೆಯಲ್ಲಿ ಕೆಂಪು ಇನ್ನೂ ಸ್ವಲ್ಪ ಸಪ್ಪೆ, ಕಿತ್ತಳೆಗೆ ವಾಲಿದಂತೆ ಕಂಡಿತು. ಕಣ್ಣಂದಾಜಿನಲ್ಲಿ ಕೆಂಪು ಏರಿಸಿದೆ. ಅದೇ ಅಳತೆಯನ್ನು 63 ಫೋಟೋಗಳಿಗೂ ಹಾಕಿ ಮಾರಾಟಕ್ಕೆ ಏರಿಸಿದೆ. ರಾತ್ರಿ ಅತ್ತಿಗೆ ತಮ್ಮ ಮೊಬೈಲಿನಲ್ಲಿ ನೋಡಿ "ಇದೇನು, ಎಲ್ಲ ಸೀರೆಗೂ ಜ್ವರ ಬಂದಿದೆಯೇ?" ಎಂದರು.

ನಮ್ಮ ಲ್ಯಾಪ್‌ಟಾಪಿನ ವಿವರ ತೆಗೆದು ನೋಡಿದೆ: ಪರದೆ 45 ಶೇಕಡಾ ಎನ್‌ಟಿಎಸ್‌ಸಿ, ಅಂದರೆ ಆ ಹೆಸರಿನ ಟಿವಿ ಮಾನದಂಡದ ಬಣ್ಣಗಳಲ್ಲಿ ಅರ್ಧದಷ್ಟೂ ಅದರಲ್ಲಿಲ್ಲ. ಅಂತರ್ಜಾಲದ ಫೋಟೋಗಳಿಗೆ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣ ವ್ಯಾಪ್ತಿಯ ಕೆಂಪನ್ನು ತೋರಿಸುವ ತಾಕತ್ತೇ ಅದಕ್ಕಿಲ್ಲ. ಮಾರ್ಚ್‌ನಿಂದ ನಾನು ಮಾಡಿದ ತಿದ್ದುಪಡಿಗಳೆಲ್ಲ ಈ ಕುರುಡು ಕನ್ನಡಿಯಲ್ಲಿ ನೋಡಿ ಮಾಡಿದವು. ದೀಪ, ಗೋಡೆ, ಟೇಪು ಎಂದು ಒಂದು ತಿಂಗಳು ಓಡಾಡಿದವನಿಗೆ ದಿನವೂ ದಿಟ್ಟಿಸುತ್ತಿದ್ದ ಪರದೆಯ ಮೇಲೆ ಅನುಮಾನ ಬರಲಿಲ್ಲ.

4,500 ರೂಪಾಯಿಗೆ ಹಳೆಯ ಐಪಿಎಸ್ (ಬಣ್ಣ ಚೆನ್ನಾಗಿ ತೋರಿಸುವ ಬಗೆಯ) ಮಾನಿಟರ್ ಸಿಕ್ಕಿತು. ಮದುವೆ ಆಲ್ಬಮ್ ಮಾಡುವ ಪರಿಚಯದವರೊಬ್ಬರಿಂದ ಪರದೆಯ ಬಣ್ಣ ಅಳೆದು ಸರಿಪಡಿಸುವ ಕ್ಯಾಲಿಬ್ರೇಟರನ್ನು ಎರಡು ದಿನಕ್ಕೆ 500 ರೂಪಾಯಿ ಬಾಡಿಗೆಗೆ ತಂದೆ. 6,500 ಕೆಲ್ವಿನ್, ಹೊಳಪು 120 ನಿಟ್ಸ್. ಹೊಳಪನ್ನು ಅಷ್ಟಕ್ಕೆ ಇಳಿಸಿದಾಗ ಮೊದಲ ದಿನ ಪರದೆ ಕತ್ತಲೆ ಎನಿಸಿತು, ಮೂರನೆಯ ದಿನ ರೂಢಿಯಾಯಿತು. 63 ಫೋಟೋಗಳನ್ನೂ ಮತ್ತೆ ಮಾಡಿದೆ. ಆ ಗಡಿಬಿಡಿಯಲ್ಲಿ ಎಂಟನ್ನು ಅಡೋಬಿ ಆರ್‌ಜಿಬಿ ಎಂಬ ಬೇರೆ ಬಣ್ಣ ವ್ಯಾಪ್ತಿಯಲ್ಲಿ ರಫ್ತು ಮಾಡಿಬಿಟ್ಟೆ. ಮಾರಾಟದ ತಾಣಕ್ಕೆ ಏರಿಸಿದಾಗ ಅವು ಹತ್ತು ಸಲ ಒಗೆದ ಸೀರೆಯಂತೆ ಕಂಡವು. ಈಗ ರಫ್ತಿನ ಸಿದ್ಧ ಆಯ್ಕೆ ಒಂದೇ ಇದೆ, ಎಸ್‌ಆರ್‌ಜಿಬಿ. ಉಳಿದವನ್ನು ಅಳಿಸಿಹಾಕಿದೆ.

ಜುಲೈ 18: ಬಣ್ಣದ ಕಾರ್ಡ್

ನಿಖರ ಬಣ್ಣ ಗೊತ್ತಿರುವ 24 ಚೌಕಗಳ ಕಾರ್ಡ್, 8,900 ರೂಪಾಯಿ. ಇದನ್ನು ಮೊದಲೇ ಕೊಂಡಿದ್ದರೆ ದುಡ್ಡು ದಂಡವಾಗುತ್ತಿತ್ತು. ಆ ಟ್ಯೂಬು, ಆ ಗೋಡೆ, ಆ ಪರದೆ ಇರುವಾಗ ಕಾರ್ಡ್ ಏನೂ ಮಾಡುತ್ತಿರಲಿಲ್ಲ. ಡಾರ್ಕ್‌ಟೇಬಲ್‌ನ ಬಣ್ಣ ಹೊಂದಾಣಿಕೆಯ ಭಾಗದಲ್ಲಿ ಕಾರ್ಡಿನ ಮೂಲೆಗಳನ್ನು ಹೊಂದಿಸಿ ಲೆಕ್ಕ ಹಾಕಿಸಿದೆ. ಮೊದಲ ಪ್ರಯತ್ನದಲ್ಲಿ ಸರಾಸರಿ ಡೆಲ್ಟಾ ಇ (ನಿಜ ಬಣ್ಣಕ್ಕೂ ಫೋಟೋದ ಬಣ್ಣಕ್ಕೂ ಇರುವ ಅಂತರ, ಕಡಿಮೆಯಾದಷ್ಟೂ ಒಳ್ಳೆಯದು) 4.8. ಕಾರ್ಡ್ ಸ್ವಲ್ಪ ವಾಲಿ, ಕಪ್ಪು ಚೌಕದ ಮೇಲೆ ದೀಪದ ಹೊಳಪು ಬಿದ್ದಿತ್ತು. ನೇರ ಮಾಡಿ ತೆಗೆದಾಗ ಸರಾಸರಿ 1.9, ಅತಿ ಹೆಚ್ಚು 4.6. ಅದನ್ನೇ ಉಳಿಸಿಕೊಂಡು ಎಲ್ಲ ಫೋಟೋಗಳಿಗೂ ಹಾಕುತ್ತೇನೆ. ದೀಪಗಳನ್ನು ಹದಿನೈದು ನಿಮಿಷ ಉರಿಸಿದ ಮೇಲೆಯೇ ಕೆಲಸ ಶುರು, ಪ್ರತಿ ಸರದಿಯ ಮೊದಲ ಫೋಟೋ ಟೆಫ್ಲಾನ್ ರಟ್ಟಿನದು. ಕಾರ್ಡನ್ನು ಬಳಸಿದ ಕೂಡಲೇ ಡಬ್ಬಿಗೆ ಹಾಕುತ್ತೇನೆ, ಬೆಳಕಿಗೆ ಬಿಟ್ಟರೆ ಅದೂ ಸೀರೆಯಂತೆಯೇ ಮಾಸುತ್ತದೆ.

ಕುಂಕುಮ ಕೆಂಪಿನ ಸೀರೆಗಳಲ್ಲಿ ಬೇರೆ ತಕರಾರು: ಬಣ್ಣ ಸರಿ, ಆದರೆ ಚಿಕ್ಕಿ ದಡಿಯ ನೇಯ್ಗೆಯೇ ಕಾಣದೆ ಬಣ್ಣ ಬಳಿದ ಹಲಗೆಯಂತಾಗಿತ್ತು. ಒಟ್ಟು ಬೆಳಕಿನ ಗ್ರಾಫ್ ಸರಿಯಾಗಿಯೇ ಇತ್ತು, ಕೆಂಪಿನ ಗ್ರಾಫ್ ಮಾತ್ರ ಬಲಗೋಡೆಗೆ ಡಿಕ್ಕಿ ಹೊಡೆದಿತ್ತು, ಅಂದರೆ ಕೆಂಪು 255 ಮುಟ್ಟಿತ್ತು. ಒಂದು ಸ್ಟಾಪ್‌ನ ಮೂರರಲ್ಲಿ ಎರಡು ಭಾಗ ಬೆಳಕು ಇಳಿಸಿದಾಗ ಎಳೆಗಳು ಮರಳಿ ಬಂದವು. ಚಂದ್ರಕಾಳಿ ಎಂಬ ಕಪ್ಪು ಸೀರೆಗೆ ಇದರ ತಿರುಗುಮುರುಗು: ಆಟೋ ಬಿಟ್ಟಿದ್ದರೆ ಕ್ಯಾಮೆರಾ ಕಪ್ಪನ್ನು ಬೂದಿ ಮಾಡುತ್ತದೆ. ಮ್ಯಾನುಯಲ್‌ನಲ್ಲಿ ಎಲ್ಲ ಸೀರೆಗೂ ಒಂದೇ ಅಳತೆ ಇಟ್ಟ ಕಾರಣ ಅದು ತಾನಾಗಿಯೇ ಕಪ್ಪಾಗಿ ಉಳಿಯಿತು.

ಜುಲೈ 24: ಅತ್ತಿಗೆಯ ಪರೀಕ್ಷೆ

ಬೆಳಗಿನ ಹತ್ತು ಗಂಟೆ, ಬಾಗಿಲ ನೆರಳು. ಅತ್ತಿಗೆಯ ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಮೊಬೈಲ್. ನಾಲ್ಕು ಬೇರೆ ಬೇರೆ ಮೊಬೈಲುಗಳಲ್ಲಿ ನೋಡಿದೆವು, ಕಡು ಬಣ್ಣದ ಮೋಡ್ ಇದ್ದದ್ದನ್ನು ಬಿಟ್ಟು ಮೂರರಲ್ಲಿ ಹೊಂದಿಕೆಯಾಯಿತು. ಆ ನಾಲ್ಕನೆಯದಕ್ಕೆ ನಾನೇನೂ ಮಾಡಲಾರೆ.

ಆದರೂ ಅವರು ಮುಖ ಸಿಂಡರಿಸಿದರು. "ಬಣ್ಣ ಸರಿ ಇದೆ. ಸೀರೆ ಸತ್ತಿದೆ." ದಡಿಯ ಹೊಳಪು ಬಣ್ಣವನ್ನು ಮಾಸಿಸುತ್ತದೆ ಎಂದು ನಾನು ಲೆನ್ಸ್‌ಗೆ ಹೊಳಪು ತಗ್ಗಿಸುವ ತಮ್ಮನ ಪೋಲರೈಸರ್ ಫಿಲ್ಟರ್ ಹಾಕಿದ್ದೆ. ಅದು ರೇಷ್ಮೆಯ ಹೊಳಪನ್ನೂ ನುಂಗಿತ್ತು. ತೆಗೆದುಹಾಕಿ ಮತ್ತೆ ತೋರಿಸಿದೆ, ಒಪ್ಪಿದರು.

ಅದೇ ದಿನ ಅವರು ಇನ್ನೊಂದನ್ನು ತೋರಿಸಿದರು. ಒಂದು ಕಿರಮಂಜಿ ಸೀರೆಯ ಹತ್ತಿಯ ಒಡಲೂ ಕೃತಕ ರೇಷ್ಮೆಯ ದಡಿಯೂ ಬಾಗಿಲಲ್ಲಿ ಒಂದೇ ಬಣ್ಣ. ಅಡುಗೆಮನೆಯ ಟ್ಯೂಬಿನ ಕೆಳಗೆ ದಡಿ ಕಂದು. ಬೇರೆ ನೂಲು, ಬೇರೆ ಬಣ್ಣದ ಪುಡಿ. ಎರಡು ಬೆಳಕಿನಲ್ಲೂ ನಿಜವಾಗುವ ಒಂದು ಫೋಟೋ ಇಲ್ಲಿ ಸಾಧ್ಯವಿಲ್ಲ. ಅಂಥ ಸೀರೆಗಳಿಗೆ ಟ್ಯೂಬ್ ಬೆಳಕಿನ ಒಂದು ಫೋಟೋವನ್ನೂ ಸೇರಿಸಿ, ಅದರ ಕೆಳಗೆ ಹಾಗೆಂದು ಬರೆಯುತ್ತೇನೆ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದಾಗಿರುವ ಖಣಗಳಿಗೂ ಎರಡು ಕೋನದಿಂದ ಎರಡು ಫೋಟೋ.

ಅಕ್ಟೋಬರ್ 30

ಖರ್ಚು: ಟ್ಯೂಬ್ 640, ಡಿಸ್ಟೆಂಪರ್ 1,900, ಪರದೆ ಬಟ್ಟೆ 750, ದೀಪ 10,800, ಚೌಕಟ್ಟು 920, ಬೂದು ಕಾರ್ಡ್ 450, ಟೇಪ್ 40, ಮಾನಿಟರ್ 4,500, ಬಾಡಿಗೆ 500, ಬಣ್ಣದ ಕಾರ್ಡ್ 8,900. ಒಟ್ಟು 29,400 ರೂಪಾಯಿ. ಟ್ಯೂಬು, ಬೂದು ಕಾರ್ಡು, ನೀಲಿ ಬೆರೆತ ಮೊದಲ ಕೋಟು ಪೂರ್ತಿ ದಂಡ. ದುಡ್ಡು ಕಡಿಮೆ ಇದ್ದವರು ಮೊದಲು ದೀಪ ಮತ್ತು ಟೇಪಿಗೆ ಹಾಕಲಿ, ಬಣ್ಣದ ಕಾರ್ಡ್ ಕೊನೆಗೆ.

ಆಗಸ್ಟ್‌ನಿಂದ ಈವರೆಗೆ 38 ಸೀರೆ ಹೋಗಿವೆ, 2 ವಾಪಸು. ಒಂದು ಕೊರಿಯರ್‌ನಲ್ಲಿ ನೆನೆದದ್ದು, ಇನ್ನೊಂದು ಬಣ್ಣದ್ದು. ಅದು ರಾಣಿ ಗುಲಾಬಿ.

ರಾಣಿ ಗುಲಾಬಿ ನನಗಿನ್ನೂ ಬಗ್ಗಿಲ್ಲ. ಕಿರಾಣಿ ಅಂಗಡಿಯ ನೇರಳೆ ದೀಪದ ಕೆಳಗೆ ಅದು ಎ4 ಹಾಳೆಗಿಂತ ಜೋರಾಗಿ ಹೊಳೆಯಿತು. ತಾನೇ ಬೆಳಕು ಉಗುಳುವ ಬಣ್ಣವನ್ನು 24 ಚೌಕದ ಕಾರ್ಡ್ ಹಿಡಿಯುವುದಿಲ್ಲ. ಎಸ್‌ಆರ್‌ಜಿಬಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಕಣ್ಣಂದಾಜಿನಲ್ಲಿ ಮೂರು ಸಲ ತಿದ್ದಿದೆ, ಮೂರೂ ಸಲ ಅತ್ತಿಗೆ ಬೇಡವೆಂದರು. ಸದ್ಯಕ್ಕೆ ಆ ನಾಲ್ಕು ಸೀರೆಗಳನ್ನು ಆನ್‌ಲೈನ್‌ನಿಂದ ಇಳಿಸಿ, ಮನೆಗೆ ಬಂದು ಕೊಳ್ಳುವವರಿಗೆಂದು ಬಾಗಿಲ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೇವೆ.